ಮೂರು ತಿಂಗಳೋ ಆರು ತಿಂಗಳೋ

ನಮ್ಮ ಮುತ್ತಜ್ಜ ಬಾವಿ ತೋಡುವವನು. ಅರವತ್ತು ಅಡಿ ಆಳದಲ್ಲಿ ಮಣ್ಣು ಕುಸಿದು ಎದೆಮಟ್ಟ ಹೂತುಹೋದಾಗ, "ಹೆದರ್ಬೇಡ್ರೋ, ಮೊದಲು ಗುದ್ದಲಿ ಎಳ್ಕೊಳ್ಳಿ, ಅದು ಹೊಸದು" ಎಂದು ಮೇಲಿದ್ದವರಿಗೆ ಕೂಗಿದವನು. ಅವನ ಮಗ, ನಮ್ಮ ತಾತ, ಬೀಗ ಮಾಡುತ್ತಿದ್ದ. ಖಜಾನೆಯ ಬೀಗ ಕಚ್ಚಿಕೊಂಡು ಸಾಹೇಬರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಒಂದು ತಂತಿಯಲ್ಲಿ ತೆಗೆದುಕೊಟ್ಟು, ಉಳಿದವರು ಒಳಗೆ ಇಣುಕುವಾಗ ತಾನು ಬೀಗವನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ನಿಂತನಂತೆ. ನಮ್ಮ ತಲೆಮಾರಿನಲ್ಲಿ ನಮ್ಮಣ್ಣ ಮೂವತ್ತೆಂಟು ವರ್ಷ ಇಸ್ತ್ರಿ ಅಂಗಡಿ ನಡೆಸಿದ. ಒಂದೇ ಒಂದು ಬಟ್ಟೆ ಸುಡಲಿಲ್ಲ. ಸುಟ್ಟ ಎನ್ನುವವರು ಯಾರಾದರೂ ಇದ್ದರೆ ಬರಲಿ, ಉತ್ತರ ಕೊಡಲು ನಾನಿನ್ನೂ ಗಟ್ಟಿಯಾಗಿದ್ದೇನೆ.

ಆ ಅಣ್ಣನ ಒಬ್ಬಳೇ ಮಗಳು ಕ್ಯಾನ್ಸರ್ ಡಾಕ್ಟರು. ಇಸ್ತ್ರಿ ಮೇಜಿನ ಕೆಳಗೆ ಕೂತು ಓದಿದವಳು. ಈಗ ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಕಾಲೇಜಿನಲ್ಲಿ ಪಾಠ, ಸಂಜೆ ಸಂಶೋಧನೆ. ಊಟದ ಡಬ್ಬಿ ಎಷ್ಟೋ ದಿನ ಹೋದ ಹಾಗೆಯೇ ಮನೆಗೆ ವಾಪಸು ಬರುತ್ತದೆ.

ಅವಳ ತಲೆಗೆ ಹುಳ ಬಿಟ್ಟವಳು ಒಬ್ಬ ದರ್ಜಿ ಹೆಂಗಸು. ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ, ಮತ್ತೆ ಬರದಿರಲೆಂದು ಆರು ತಿಂಗಳು ಡ್ರಿಪ್ಪಿನಲ್ಲಿ ಔಷಧ ಹಾಕಿಸಿಕೊಂಡವಳು. ರೋಗ ಹೋಯಿತು, ಜೊತೆಗೆ ಬೆರಳಿನ ಸ್ಪರ್ಶವೂ ಹೋಯಿತು.

"ಡಾಕ್ಟ್ರಮ್ಮ, ಜೀವ ಉಳಿಸಿದ್ರಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಆದ್ರೆ ಸೂಜಿ ಎಲ್ಲಿದೆ ಅಂತಾನೇ ತಿಳಿಯಲ್ಲ. ಚುಚ್ಚಿ ರಕ್ತ ಬಂದ್ಮೇಲೆ, ಓಹೋ ಇಲ್ಲಿದೀಯೇನೋ ಅಂತೀನಿ."

ಅವಳು ನಕ್ಕೇ ಹೇಳಿದ್ದು. ನಮ್ಮ ಹುಡುಗಿ ಆ ಬೆರಳುಗಳನ್ನು ಹಿಡಿದು ಒಂದೊಂದಾಗಿ ನೋಡಿದಳು. ಆರು ತಿಂಗಳು ಬೇಕೇ ಬೇಕೇ, ಮೂರಕ್ಕೆ ನಿಲ್ಲಿಸಿದರೂ ಜೀವ ಉಳಿದೀತೇ? ಉಳಿಯುವುದಾದರೆ ಎಷ್ಟು ಜನರ ಕೈ ಉಳಿಯುತ್ತದೆ! ಅದೊಂದು ಪ್ರಶ್ನೆಯ ಬೆನ್ನು ಹತ್ತಿ ಒಂಬತ್ತು ವರ್ಷ ಕಳೆದಳು.

ಆ ಸಂಶೋಧನೆಯ ಪದ್ಧತಿಯನ್ನು ನಾನು ಅವಳಿಂದ ಮೂರು ಸಲ ಹೇಳಿಸಿ ಅರ್ಥ ಮಾಡಿಕೊಂಡೆ. ಒಪ್ಪಿ ಸಹಿ ಹಾಕಿದ ರೋಗಿಗೆ ಮೂರೋ ಆರೋ ಎನ್ನುವುದನ್ನು ಡಾಕ್ಟರು ತೀರ್ಮಾನಿಸುವಂತಿಲ್ಲ. ನಂಬರು ಹಾಕಿದ ಮುಚ್ಚಿದ ಲಕೋಟೆಗಳಿರುತ್ತವೆ, ಒಳಗೆ ಮೂರು ಅಥವಾ ಆರು ಎಂದು ಬರೆದ ಚೀಟಿ, ಸರದಿಯಲ್ಲಿ ಯಾವುದು ಬಂತೋ ಅದು. ಯಾಕೆಂದರೆ ಡಾಕ್ಟರಿಗೂ ಕರುಣೆ ಇದೆ. ಕರುಣೆ ಆರಿಸತೊಡಗಿದರೆ ಗಟ್ಟಿ ಆಳುಗಳೆಲ್ಲ ಒಂದು ಕಡೆ, ಬಡಕಲು ಜೀವಗಳೆಲ್ಲ ಇನ್ನೊಂದು ಕಡೆ ಸೇರಿ, ಗೆದ್ದದ್ದು ಔಷಧವೋ ಆಳೋ ತಿಳಿಯದೆ ಹೋಗುತ್ತದೆ.

ಲಕೋಟೆಯ ಡ್ರಾಯರಿನ ಕೀಲಿ ವಾರ್ಡಿನ ದೊಡ್ಡ ಸಿಸ್ಟರ್ ಹತ್ತಿರ ಇತ್ತು. ಬಾಯಿ ಜೋರು, ಮನಸ್ಸು ಬೆಣ್ಣೆ.

"ಏನ್ ಸಿಸ್ಟರ್, ಲಾಟ್ರಿನಾ? ನಂಗೆ ಹುಟ್ಟಿದಾಗಿಂದ ಒಂದ್ ಪ್ಲಾಸ್ಟಿಕ್ ಬಕೆಟ್ಟೂ ಹೊಡೆದಿಲ್ಲ" ಎಂದನಂತೆ ಒಬ್ಬ ವಾಚ್ ರಿಪೇರಿಯವನು.

"ಸುಮ್ನೆ ಕೂತ್ಕೊಳ್ರೀ. ಬಕೆಟ್ ಬೇಕಾದ್ರೆ ವಾಂತಿಗೆ ನಾನೇ ಕೊಡ್ತೀನಿ."

ಅವನಿಗೆ ಮೂರು ಬಂತು.

ಇನ್ನೂರ ಎಂಟು ಜನ. ಕೊನೆಯವರಿಗೂ ಔಷಧ ಮುಗಿದು ಮೂರು ವರ್ಷ ಕಾದು ನೋಡಿದಾಗ, ಮೂರು ತಿಂಗಳಿನವರು ಆರು ತಿಂಗಳಿನವರಷ್ಟೇ ಚೆನ್ನಾಗಿದ್ದರು. ವಿಭಾಗದ ಮುಖ್ಯಸ್ಥರು ಬೆನ್ನು ತಟ್ಟಿದರು. ದೊಡ್ಡ ಸಭೆಯಲ್ಲಿ ಪ್ರಬಂಧ ಓದುವ ದಿನವೂ ಗೊತ್ತಾಯಿತು. ಎಷ್ಟು ಜನ ಮತ್ತೆ ತಮ್ಮ ಕಸುಬಿಗೆ ಮರಳಿದರು ಎಂದು ಒಂದು ಸಾಲು ಸೇರಿಸೋಣವೆಂದು ಅವಳು ಹಳೆಯ ಫೈಲುಗಳಲ್ಲಿ ಯಾರೂ ನೋಡದ "ಉದ್ಯೋಗ" ಎಂಬ ಕಾಲಮನ್ನು ಓದುತ್ತ ಹೋದಳು. ವಾಚ್ ರಿಪೇರಿ, ಮೂರು. ದರ್ಜಿ, ಮೂರು. ಕ್ಷೌರದವನು, ಮೂರು. ಟೈಪಿಸ್ಟ್, ಮೂರು. ಕೈಬೆರಳಿನ ಕಸುಬಿನವರು ಇಪ್ಪತ್ಮೂರು ಜನ. ಅವರಲ್ಲಿ ಇಪ್ಪತ್ತೆರಡು ಜನಕ್ಕೆ ಮೂರು. ಆರರ ಪಟ್ಟಿಯಲ್ಲಿ ಸಾಲಾಗಿ ಪೆನ್ಷನ್ನಿನ ಮುದುಕರು.

ಫೈಲು ಮುಚ್ಚಿದಳಂತೆ. ಎದ್ದು ಆ ಪಟ್ಟಿಯನ್ನು ದೊಡ್ಡ ಸಿಸ್ಟರ್ ಹತ್ತಿರ ಒಯ್ದು ತೋರಿಸಿದಳು. ಸಿಸ್ಟರ್ ಗೋಡೆಯ ಮೇಲಿದ್ದ, ಎಕ್ಸ್‌ರೇ ನೋಡುವ ಬೆಳಕಿನ ಪೆಟ್ಟಿಗೆಯ ಸ್ವಿಚ್ಚು ಹಾಕಿದರು. ಉಳಿದಿದ್ದ ಒಂದು ಖಾಲಿ ಲಕೋಟೆಯೊಳಗೆ ಚೀಟಿ ತುರುಕಿ ಆ ಬೆಳಕಿನ ಮೇಲೆ ಒತ್ತಿ ಹಿಡಿದರು. ಒಳಗಿನ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು.

"ಎಷ್ಟು ಜನಕ್ಕೆ ಹೀಗೆ ಮಾಡಿದ್ರಿ, ಸಿಸ್ಟರ್?"

"ಎಣಿಸಿಲ್ಲಮ್ಮ. ಬಂದವರ ಕೈ ನೋಡ್ತಿದ್ದೆ, ಅಷ್ಟೇ. ಕೈ ನಂಬ್ಕೊಂಡವರಿಗೆ ಆರು ಬಂದ್ರೆ ಅದನ್ನ ಎತ್ತಿಟ್ಟು, ಆಮೇಲೆ ಬಂದ ಮುದುಕರಿಗೆ ಕೊಡ್ತಿದ್ದೆ. ನೀವೇ ಹೇಳಿದ್ರಲ್ಲ, ಎರಡೂ ಒಳ್ಳೇದೇ ಅಂತ."

ನಮ್ಮ ಹುಡುಗಿ ಬೈಯಲಿಲ್ಲ. ಕುರ್ಚಿ ಎಳೆದು ಅವರನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. "ಆ ಡ್ರಾಯರ್ ಹತ್ರ ನಾನಿದ್ರೂ ಇದನ್ನೇ ಮಾಡ್ತಿದ್ದೆನೇನೋ. ಅದಕ್ಕೇ ಅಲ್ವಾ ನನ್ನ ಬದಲು ನಿಮ್ಮನ್ನ ನಿಲ್ಸಿದ್ದು" ಎಂದಳು. ದೊಡ್ಡ ಸಿಸ್ಟರ್ ಸೆರಗು ಬಾಯಿಗೆ ಒತ್ತಿಕೊಂಡರು.

ಆ ಸಂಜೆ ಹುಡುಗಿ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ನಿಂತಳು.

"ಒಂಬತ್ತು ವರ್ಷ ಹೋಯ್ತು, ಚಿಕ್ಕಪ್ಪ."

"ನಿನ್ನ ಮನಸ್ಸು ಏನನ್ನುತ್ತೆ ಕೂಸೇ? ಮೂರು ಸಾಕಾ?"

"ಸಾಕು ಅನ್ನುತ್ತೆ. ಅದಕ್ಕೇ ಭಯ. ಮೂರರ ಕಡೆ ಚಿಕ್ಕ ವಯಸ್ಸಿನವರು, ಆರರ ಕಡೆ ಮುದುಕರು. ಚೆನ್ನಾಗಿದ್ದದ್ದು ಮೂರು ತಿಂಗಳಿಂದಲೋ, ವಯಸ್ಸಿಂದಲೋ? ನಾನು ಸಾಕು ಅಂತ ಬರೆದು, ಅದು ಸಾಲದೇ ಹೋದ್ರೆ, ಎಲ್ಲೋ ಯಾರೋ ನನ್ನ ಮಾತು ನಂಬಿ ಸಾಯ್ತಾರೆ. ಬಂದು ನನ್ನ ಕುತ್ತಿಗೆ ಪಟ್ಟಿ ಹಿಡಿಯೋಕೂ ಅವರಿರಲ್ಲ."

ನಾನು ಒಳಗೆ ಹೋಗಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟೆ.

ಮುಖ್ಯಸ್ಥರು ಕೆಟ್ಟವರಲ್ಲ. "ಆ ಇಪ್ಪತ್ಮೂರು ಜನರನ್ನ ತೆಗೆದುಹಾಕಮ್ಮ. ಉಳಿದವರನ್ನ ಇಟ್ಕೊಂಡು ಬರಿ, ನಾನು ಸಹಿ ಹಾಕ್ತೀನಿ" ಎಂದರು. ಆದರೆ ಒಬ್ಬರಿಗೆ ತಪ್ಪಿಸಿದ ಆರು ಇನ್ನೊಬ್ಬರ ಪಾಲಿಗೆ ಹೋಗಿತ್ತು. ಆ ಇನ್ನೊಬ್ಬರು ಯಾರು ಯಾರು ಎಂದು ಗುರುತಿಸುವವರು ಇರಲಿಲ್ಲ. ಸೋರುವ ಮಡಕೆಗೆ ಎಲ್ಲಿ ತೇಪೆ ಹಾಕುವುದು? ಅವಳು ಪ್ರಬಂಧವನ್ನು ವಾಪಸು ತೆಗೆದುಕೊಂಡಳು. ಕಾರಣವನ್ನು ಬಿಚ್ಚಿ ಬರೆದಳು, ಸಿಸ್ಟರ್ ಹೆಸರೆತ್ತದೆ, ತೆಳು ಲಕೋಟೆ ಕೊಂಡು ತಂದದ್ದು ತನ್ನ ತಪ್ಪೆಂದು. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಮತ್ತೆ ಮೊದಲಿನಿಂದ ಶುರು, ಈ ಸಲ ಚೀಟಿಗಳು ಬೇರೆ ಕಟ್ಟಡದಲ್ಲಿ, ರೋಗಿಯ ಮುಖ ನೋಡದವರ ಕೈಯಲ್ಲಿ. ಮುಗಿಯುವ ಹೊತ್ತಿಗೆ ಅವಳಿಗೆ ಅರವತ್ತು ದಾಟಿರುತ್ತದೆ.

ಅದಕ್ಕೂ ಮೊದಲು ಒಂದು ಕೆಲಸವಿತ್ತು. ಮೈ ಒಡ್ಡಿದ ಜನಕ್ಕೆ, ನೀವು ಕೊಟ್ಟದ್ದರಿಂದ ಉತ್ತರ ಸಿಗಲಿಲ್ಲ ಎಂದು ಹೇಳಬೇಕು. ಕಾಗದ ಹಾಕಿದರೆ ಸಾಕು ಎಂದರು ಆಫೀಸಿನವರು. ಅವಳು ಬದುಕಿರುವವರ ವಿಳಾಸಗಳನ್ನೆಲ್ಲ ಬರೆದುಕೊಂಡಳು. ಬಸ್ಸಿನಲ್ಲಿ ಅಲೆಯುವುದು ಬೇಡವೆಂದು ನಾನೇ ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ಯಲು ಸೋಮವಾರ ಆಸ್ಪತ್ರೆಯ ಗೇಟಿಗೆ ಹೋದೆ. ದೊಡ್ಡ ಸಿಸ್ಟರ್ ನನಗಿಂತ ಮೊದಲೇ ಅಲ್ಲಿ ನಿಂತಿದ್ದರು, ಕೈಯಲ್ಲಿ ಚೀಲ, ಅತ್ತು ಊದಿಕೊಂಡ ಕಣ್ಣು.

"ನಾನೂ ಬರ್ತೀನಿ ಡಾಕ್ಟ್ರೇ. ತಪ್ಪು ನಂದು, ಪ್ರತಿಯೊಂದ್ ಮನೇಲೂ ನಾನೇ ಬಾಯಿಬಿಟ್ಟು ಹೇಳ್ತೀನಿ."

ನಮ್ಮ ಹುಡುಗಿ ಅವರ ಭುಜದ ಮೇಲೆ ಕೈಯಿಟ್ಟಳು.

"ಬೇಡ ಸಿಸ್ಟರ್. ನೀವು ಹೇಳಿದ್ರೆ ಅವರು ಕೈ ತೋರ್ಸಿ, ನಿಮ್ಮಿಂದ ಉಳೀತು ಅಂತಾರೆ. ಆಮೇಲೆ ಉತ್ತರ ಸಿಗಲಿಲ್ಲ ಅಂತ ನಾನು ಹೇಳ್ಬೇಕಾದ್ದು ಬಾಯಿಂದ ಹೊರಡಲ್ಲ. ನೀವು ವಾರ್ಡ್ ನೋಡ್ಕೊಳ್ಳಿ. ಚಿಕ್ಕಪ್ಪ, ನೀವೂ ಮನೇಗೆ ಹೋಗಿ. ನಾನೊಬ್ಬಳೇ ಹೋಗ್ಬರ್ತೀನಿ."