ಏಳನೇದನ್ನು ಯಾರೂ ಪೂರ್ತಿ ಕೇಳಲಿಲ್ಲ

ನಮ್ಮ ಮೈದುನನ ಆಲ್ಬಂ ಬಗ್ಗೆ ಯಾರು ಏನು ಬರೆದಿದ್ದಾರೆ ಎಂದು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು ಕಾಫಿ ಒಣಗಿಸುವ ದಿನಗಳಲ್ಲಿ. ಬೆಳಗಿನ ರೊಟ್ಟಿ ಮುಗಿದು, ಕಣದಲ್ಲಿ ಕಾಫಿ ಹರಡಿದ ಮೇಲೆ ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕನ್ನಡಕ ಹಾಕಿಕೊಂಡು ಫೋನ್ ತೆಗೆಯುತ್ತಿದ್ದೆ. ಅವನು ಕಪ್ಪು ಕಾಫಿಯ ಲೋಟ ಹಿಡಿದು ಎದುರಿಗೆ ನಿಂತು ಸಿಲ್ವರ್ ಓಕ್ ಮರಗಳ ಕಡೆ ನೋಡುತ್ತಿದ್ದ. ತನ್ನ ಹಾಡಿನ ಕೆಳಗೆ ಜನ ಬರೆದದ್ದನ್ನು ತಾನೇ ಓದಬಾರದು ಎಂಬುದು ಅವನು ಮಾಡಿಕೊಂಡ ನೇಮ. ಬೇರೆಯವರ ಬಾಯಿಂದ ಕೇಳಬಹುದಂತೆ.

"ಏನಂತವ್ರೆ ಅತ್ಗೆ?"

"ಒಬ್ರು ಬರ್ದವ್ರೆ, ಈ ಮನುಷ್ಯನ ಕೈಗೆ ಅಡ್ಡ ಬೀಳ್ಬೇಕು, ತಲೆ ವಿಷಯ ಮಾತ್ರ ಕೇಳ್ಬೇಡಿ ಅಂತ."

ಅವನು ನಕ್ಕ. ಆಮೇಲೆ ದಿನಾ ಕೇಳುವುದನ್ನೇ ಕೇಳಿದ. "ಏಳನೇದರ ಬಗ್ಗೆ?"

"ಯಾರೂ ಏನೂ ಹೇಳಿಲ್ಲಪ್ಪ."

ಅವನು ಲೋಟ ತೊಳೆದಿಟ್ಟು ತೋಟಕ್ಕೆ ಇಳಿದ.

ನಮ್ಮ ಮನೆಯವರಿಗೆ ಒಬ್ಬನೇ ತಮ್ಮ. ಐವತ್ತು ದಾಟಿದ್ದಾನೆ, ಮದುವೆಯಾಗಿಲ್ಲ. ಮಂಗಳೂರು, ಗೋವಾ ಎಂದು ರಾಕ್ ಬ್ಯಾಂಡುಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿಕೊಂಡಿದ್ದವನು, ಕೊನೆಯ ಬ್ಯಾಂಡು ಒಡೆದಾಗ ಆನೇಮಹಲ್‌ನಿಂದ ಒಳಕ್ಕಿರುವ ನಮ್ಮ ಸಣ್ಣ ತೋಟಕ್ಕೆ ಬಂದು ಔಟ್‌ಹೌಸಿನಲ್ಲಿ ಉಳಿದ. ಮಧ್ಯಾಹ್ನದವರೆಗೆ ಮೆಣಸು, ಪೈಪು, ಕಳೆ ಎಂದು ಅಣ್ಣನ ಜೊತೆ ದುಡಿಯುತ್ತಾನೆ. ಊಟವಾದ ಮೇಲೆ ಬಾಗಿಲು ಹಾಕಿಕೊಳ್ಳುತ್ತಾನೆ. ಕಿಟಕಿಗಳಿಗೆಲ್ಲ ಗೋಣಿಚೀಲ ಹೊಡೆದಿದ್ದಾನೆ. ಗಂಬೂಟು ಹಾಕಿಕೊಂಡೇ ನುಡಿಸುತ್ತಾನೆ, ಯಾಕೆಂದು ಕೇಳಿದರೆ ನೆಲ ಸರಿಯಾಗಿ ಸಿಗುತ್ತದೆ ಎನ್ನುತ್ತಾನೆ. ನನ್ನ ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ಕಾಣೆಯಾಗಿ ಎಷ್ಟೋ ದಿನ ಹುಡುಕಿದೆ. ಕೊನೆಗೆ ನೋಡಿದರೆ ಅವನು ಅದನ್ನು ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದ. ನಾನು ವಾಪಸ್ ಕೇಳಲಿಲ್ಲ. ಆ ಲೋಟದಿಂದ ಅಂಥ ಸ್ವರ ಬರುವುದಾದರೆ ಅದರಲ್ಲಿ ಮಜ್ಜಿಗೆ ಕುಡಿಯುವುದು ಹೇಗೆ?

ಆಲ್ಬಮ್ಮನ್ನು ಆ ಔಟ್‌ಹೌಸಿನಲ್ಲೇ ರೆಕಾರ್ಡ್ ಮಾಡಿದ. ಎಂಟು ತುಣುಕು. ಒಂದರ ಹಾಗೆ ಇನ್ನೊಂದಿಲ್ಲ, ಒಂದರಷ್ಟು ಇನ್ನೊಂದು ಚೆನ್ನಾಗೂ ಇಲ್ಲ. ಮೂರನೆಯದು ಎಲ್ಲರಿಗೂ ಇಷ್ಟ. ಕಾಫಿ ಒಣಗಿದೆಯೋ ಇಲ್ಲವೋ ಎಂದು ನೋಡಲು ನಾವು ಒಂದು ಹಿಡಿ ಹಣ್ಣನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತೇವಲ್ಲ, ಒಣಗಿದ್ದರೆ ಸಿಪ್ಪೆಯೊಳಗೆ ಬೀಜ ಗಲಗಲ ಎನ್ನುತ್ತದೆ, ಆ ಸದ್ದನ್ನೇ ತಾಳವಾಗಿ ಹಾಕಿ ಅದರ ಮೇಲೆ ಗಿಟಾರನ್ನು ಕುಣಿಸಿದ್ದಾನೆ. ಅದನ್ನು ಮೊದಲ ಸಲ ಕೇಳಿದ ದಿನ ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ. ನಾಲ್ಕನೆಯದು ಕರೆಂಟ್ ಹೋದಲ್ಲಿಗೇ ನಿಲ್ಲುತ್ತದೆ. "ಇನ್ನೊಂದ್ಸಲ ನುಡಿಸ್ಬೋದಿತ್ತಲ್ಲೋ" ಎಂದರೆ "ಹೋಗಿದ್ದು ಹೋಗ್ಬುಡ್ತು ಅತ್ಗೆ" ಎಂದ. ಐದನೆಯದರಲ್ಲಿ ಅವನೇ ಹಾಡಿದ್ದಾನೆ. ಹಾಡಬಾರದಿತ್ತು.

ಕೇಳಿದವರೂ ಹೆಚ್ಚುಕಡಿಮೆ ಅದನ್ನೇ ಬರೆದಿದ್ದರು. ಒಬ್ಬರು, ನಾಲ್ಕು ಬಂಗಾರ, ಮೂರು ತಗಡು, ಒಂದು ಹುಚ್ಚು ಎಂದರು. ಇನ್ನೊಬ್ಬರು, ಇವರು ಬಾಯಿ ತೆರೆಯದಿದ್ದರೆ ದೇವರು ಎಂದರು. ಆಲೂರಿನಲ್ಲಿರುವ ನನ್ನ ನಾದಿನಿ ವಾಯ್ಸ್ ಮೆಸೇಜ್ ಕಳಿಸಿದಳು: "ಮೂರನೇದು ಕೇಳ್ತಾ ಅತ್ತುಬಿಟ್ಟೆ ಕಣತ್ತಿಗೆ. ಐದನೇದಕ್ಕೂ ಅಳುನೇ ಬಂತು, ಬೇರೆ ಥರ. ಅವನಿಗೆ ಹೇಳ್ಬೇಡಿ." ನಾನು ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಏಳನೆಯದಕ್ಕೆ ಮಾತ್ರ ಅವನು ನಗುತ್ತಿರಲಿಲ್ಲ. ಅದು ಎಲ್ಲಕ್ಕಿಂತ ಉದ್ದ. ಶುರುವಿನಲ್ಲಿ ತಂತಿಯನ್ನು ಉಗುರಿನಿಂದ ಕೆರೆದ ಹಾಗೆ ಒಂದು ಗುಂಯ್‌ಗುಡುವಿಕೆ. ಆಮೇಲೆ ಏನೂ ಇಲ್ಲ. ಹಾಡು ನಡೆಯುತ್ತಿದೆ ಎಂದು ಫೋನಿನ ಗೆರೆ ಮುಂದೆ ಸರಿಯುತ್ತದೆ, ಸದ್ದಿಲ್ಲ. ಎಲ್ಲರೂ ಅಲ್ಲಿಗೆ ಬಿಟ್ಟು ಎಂಟನೆಯದಕ್ಕೆ ಹೋಗುತ್ತಿದ್ದರು, ನಾನೂ ಹೋಗುತ್ತಿದ್ದೆ, ಹಾಗೆಂದು ಅವನಿಗೆ ಹೇಳಿಯೂ ಇದ್ದೆ. ಅದರಲ್ಲಿ ಏನಿದೆ ಎಂದು ಕೇಳಿದರೆ, "ಹೇಳಿಕೊಟ್ಟು ಕೇಳಿಸೋದಲ್ಲ ಅತ್ಗೆ. ಒಬ್ರಿಗಾದ್ರೂ ಕೇಳಿಸಿದ್ರೆ ಸಾಕು" ಎನ್ನುತ್ತಿದ್ದ.

ಯಾರಿಗೂ ಕೇಳಿಸಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಅವನು ಓದಿಸಿಕೊಳ್ಳಲಿಲ್ಲ. ಲೋಟ ತೊಳೆಯುತ್ತಾ, "ಭಾನುವಾರ ಒಬ್ರಿಗೆ ಜಾಸ್ತಿ ಅಡಿಗೆ ಮಾಡಿ. ಹಾಸನದಿಂದ ಒಬ್ರು ಬರ್ತಾರೆ, ಗಿಟಾರೂ ಸ್ಪೀಕರೂ ತಗೊಂಡೋಗಕ್ಕೆ" ಎಂದ.

"ಹೊಸದು ತರ್ತೀಯೇನೋ?"

"ಇಲ್ಲ. ಸಾಕು."

ನಮ್ಮ ಮನೆಯವರಿಗೆ ಹೇಳಿದೆ. "ಐವತ್ತು ವರ್ಷದೋನಿಗೆ ನಾನೇನ್ ಹೇಳ್ಲಿ?" ಎಂದು ಅವರು ಪೈಪಿನ ಗಂಟು ಬಿಚ್ಚುತ್ತಾ ಕೂತರು. ತಮ್ಮನ ಸಂಗೀತದ ಬಗ್ಗೆ ಅವರು ಎಂದೂ ಒಳ್ಳೆಯದು ಕೆಟ್ಟದು ಹೇಳಿದವರಲ್ಲ. ನಾನು ಭಾನುವಾರಕ್ಕೆ ನಾಟಿಕೋಳಿ ಸಾರು, ಕಡುಬು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬೇಳೆ ನೆನೆಹಾಕಬೇಕಾದ ಕಡೆ ಅಕ್ಕಿ ನೆನೆಹಾಕಿದೆ.

ಮಾರನೆಯ ದಿನ ಅವನು ಏನೋ ಕೆಲಸಕ್ಕೆಂದು ಸ್ಕೂಟರಿನಲ್ಲಿ ಸಕಲೇಶಪುರಕ್ಕೆ ಹೋಗಿದ್ದ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದೆ. ಗಿಟಾರ್ ಹೋಗುವ ಮೊದಲು ಆ ಏಳನೆಯದನ್ನು ಒಂದು ಸಲ ಕೊನೆಮುಟ್ಟ ಕೇಳಿ ನೋಡೋಣವೆಂದು ಫೋನಿನಲ್ಲಿ ಹಾಕಿದೆ. ಗುಂಯ್‌ಗುಡುವ ಭಾಗವನ್ನು ಬೆರಳಿನಿಂದ ದಾಟಿಸಿ, ನೇರ ಸದ್ದಿಲ್ಲದ ಜಾಗಕ್ಕೆ ತಂದು, ವಾಲ್ಯೂಮ್ ಪೂರ್ತಿ ಏರಿಸಿ ಗೋಡೆಯ ಗೂಡಿನಲ್ಲಿಟ್ಟೆ. ಎಂದಿನಂತೆ ಏನೂ ಇಲ್ಲ. ಇದ್ದರೆ ಬರಲಿ ಎಂದು ಫೋನನ್ನು ಅಲ್ಲೇ ಬಿಟ್ಟು, ಕಣಕ್ಕೆ ಟೀ ತೆಗೆದುಕೊಂಡು ಹೋದೆ.

ಕಣದಲ್ಲಿ ಇಬ್ಬರು ಹೆಂಗಸರು ಹಲಗೆಯಿಂದ ಕಾಫಿ ಎಳೆಯುತ್ತಿದ್ದರು. ಇಬ್ಬರೂ ನಮ್ಮಲ್ಲಿಗೆ ವರ್ಷಗಳಿಂದ ಬರುವವರು, ಒಬ್ಬಳು ನನ್ನ ವಯಸ್ಸಿನವಳು, ಇನ್ನೊಬ್ಬಳು ಅವಳ ಸೊಸೆ. ನಾನು ಟೀ ಬಗ್ಗಿಸುತ್ತಿರುವಾಗ ಅತ್ತೆ ಹಲಗೆ ನಿಲ್ಲಿಸಿ ಕೈ ಎತ್ತಿದಳು.

"ಅಮ್ಮಾರೆ. ಅಲ್ಲಾಡ್ಬೇಡಿ."

ಔಟ್‌ಹೌಸಿನ ಕಡೆಯಿಂದ ಬರುತ್ತಿತ್ತು. ಸದ್ದು ಎನ್ನುವುದಕ್ಕಿಂತ ಮೊದಲು ಅದು ಎದೆಗೂಡಿಗೆ ತಾಗಿತು. ಕೈಯಲ್ಲಿದ್ದ ಟೀ ಸಣ್ಣಗೆ ಅಲೆಯಾಡಿತು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆನೆ ಘೀಳಿಟ್ಟರೆ ದೂರ ಇದೆ ಎಂದು ಧೈರ್ಯ ಮಾಡಬಹುದು. ಹೀಗೆ ಹೊಟ್ಟೆಯೊಳಗೇ ಗುಡುಗಿಕೊಂಡರೆ ಅದು ಪಕ್ಕದಲ್ಲೇ ಇದೆ, ಜೊತೆಯವರೊಡನೆ ಮಾತಾಡಿಕೊಳ್ಳುತ್ತಿದೆ.

ಯಾರೂ ಕೂಗಲಿಲ್ಲ, ಓಡಲಿಲ್ಲ. ಟ್ಯಾಂಕಿನ ಹತ್ತಿರವಿದ್ದ ನಮ್ಮ ಮನೆಯವರು ನಾಯಿಯ ಕೊರಳು ಹಿಡಿದು ಬಂದರು. ನಾಲ್ವರೂ ಕಾಫಿ ಸ್ಟೋರಿಗೆ ಹೋಗಿ ಒಳಗಿಂದ ಬಾಗಿಲು ಹಾಕಿಕೊಂಡೆವು. ಮೂಟೆಗಳ ನಡುವೆ ಕೂತೆವು. ಬಾಗಿಲ ತಗಡು ಬೆರಳಿಗೆ ನಡುಗುತ್ತಿತ್ತು.

"ಮರಿ ಐತೆ ಜೊತೆಗೆ," ಎಂದರು ನಮ್ಮ ಮನೆಯವರು ಪಿಸುಮಾತಿನಲ್ಲಿ. ಸುತ್ತಲ ತೋಟದವರ ಗ್ರೂಪಿಗೆ ಆನೆ ಬಂದಿದೆ ಎಂದು ಮೆಸೇಜ್ ಹಾಕಿದರು.

ನನಗೆ ಮೈದುನನ ನೆನಪಾಯಿತು. ಅವನು ವಾಪಸ್ ಬರುವುದು ಔಟ್‌ಹೌಸಿನ ಪಕ್ಕದ ದಾರಿಯಲ್ಲೇ. ನನ್ನ ಫೋನ್ ಅಡುಗೆಮನೆಯ ಗೂಡಿನಲ್ಲಿತ್ತು. ನಮ್ಮ ಮನೆಯವರೇ ತಮ್ಮ ಫೋನಿನಿಂದ ಮಾಡಿದರು, ಅವನ ದನಿ ನಮಗೂ ಕೇಳುವ ಹಾಗೆ.

"ಎಲ್ಲಿದೀಯ? ಗೇಟಲ್ಲೇ ನಿಂತ್ಕೊ ಮಾರಾಯ. ನಿನ್ನ ರೂಮ್ ಹಿಂದೆ ಆನೆ ಐತೆ."

"ಆನೆನಾ? ಕಂಡ್ಯಾ?"

"ಕಾಣ್ಲಿಲ್ಲ ಕಣೋ, ಗುಡುಗ್ತಾ ಐತೆ. ಉದ್ದಕ್ಕೊಂದ್ಸಲ ಗುಡುಗ್ತದೆ, ನಿಲ್ತದೆ. ಆಮೇಲೆ ಸಣ್ಣಗೆ ಎರಡು ಸಲ, ಮರಿ ಕರ್ದಂಗೆ."

ಆ ಕಡೆ ಸ್ಕೂಟರಿನ ಸದ್ದು ನಿಂತಿತು. ಆಮೇಲೆ ಅವನು ಬಹಳ ಮೆಲ್ಲಗೆ ಹೇಳಿದ:

"ಅಣ್ಣ, ಸುಮ್ನೆ ಕೇಳ್ತಿರು. ಈಗ ಇನ್ನೊಂದ್ಸಲ ಉದ್ದಕ್ಕೆ ಬರ್ತದೆ. ಅದು ನಿಂತ್ಮೇಲೆ ಟಿಣ್ ಅಂತ ಒಂದು ಬರ್ತದೆ ನೋಡು."

ಉದ್ದಕ್ಕೆ ಬಂತು. ನಿಂತಿತು. ಆಮೇಲೆ, ಟಿಣ್.

"ಅಯ್ಯೋ," ಎಂದೆ ನಾನು, "ಅದು ನನ್ನ ಲೋಟ!"

ಬುಧವಾರ ಸಂಜೆ ಈ ಹೆಂಗಸರಿಗೆ ಮೂರನೆಯದನ್ನು ದೊಡ್ಡದಾಗಿ ಕೇಳಿಸಲೆಂದು ಅವನು ನನ್ನ ಫೋನನ್ನು ತನ್ನ ರೂಮಿನ ಸ್ಪೀಕರಿಗೆ ಬ್ಲೂಟೂತಿನಲ್ಲಿ ಕನೆಕ್ಟ್ ಮಾಡಿದ್ದ. ನಾನು ಬಿಡಿಸಿರಲಿಲ್ಲ, ಅವನು ಸ್ಪೀಕರ್ ಆರಿಸದೆಯೇ ಪೇಟೆಗೆ ಹೋಗಿದ್ದ. ಫೋನ್ ತಾನಾಗಿ ಮತ್ತೆ ಅದಕ್ಕೇ ಅಂಟಿಕೊಂಡಿತ್ತು. ಗೂಡಿನಲ್ಲಿ ಮೌನವಾಗಿದ್ದ ಹಾಡು ಅವನ ಸ್ಪೀಕರಿನಲ್ಲಿ, ಪೂರ್ತಿ ವಾಲ್ಯೂಮಿನಲ್ಲಿ ನುಡಿಯುತ್ತಿತ್ತು. ಅಷ್ಟು ತಗ್ಗಿನ ಸ್ವರ ಫೋನಿನ ಬಾಯಲ್ಲಿ ಹೊರಡುವುದೇ ಇಲ್ಲ ಎಂದು ನಮಗೆ ಗೊತ್ತಾದದ್ದು ಆಗ. ಇಷ್ಟು ದಿನ ಅಭಿಪ್ರಾಯ ಬರೆದವರೆಲ್ಲ ಫೋನ್ ಹಿಡಿದು ಆ ಜಾಗದಲ್ಲಿ ಖಾಲಿ ಇದೆ ಎಂದುಕೊಂಡಿದ್ದರು. ಅಲ್ಲಿ ಒಂದು ಆನೆಯೇ ನಿಂತಿತ್ತು.

ಸೊಸೆ ಮೊದಲು ನಕ್ಕಳು. ಆಮೇಲೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಮೂಟೆಯ ಮೇಲೆ ಬಿದ್ದಳು. ನಮ್ಮ ಮನೆಯವರು ಮಾತ್ರ ಗ್ರೂಪಿಗೆ ತಪ್ಪಾಯ್ತು ಎಂದು ಹಾಕಬೇಕಲ್ಲ ಎಂದು ತಲೆ ಚಚ್ಚಿಕೊಂಡರು. ಹಾಕಿದ ತಕ್ಷಣ ಪಕ್ಕದ ತೋಟದವರ ಉತ್ತರ ಬಂತು: "ನಿಮ್ಮನೆ ಆನೆಗೆ ಕರೆಂಟ್ ಬಿಲ್ ಎಷ್ಟು ಬರ್ತದೆ?"

ಮೈದುನ ಸ್ಕೂಟರ್ ನಿಲ್ಲಿಸಿ ಬಂದಾಗ ಯಾರಿಗೂ ಅವನ ಮುಖ ನೋಡಲಾಗಲಿಲ್ಲ. ನಮ್ಮ ಮನೆಯವರು ಕಣದ ಕಟ್ಟೆಯ ಮೇಲೆ ಕೂತು, "ಹಾಕು ಇನ್ನೊಂದ್ಸಲ. ಮೊದ್ಲಿಂದ" ಎಂದರು.

ಅವನು ಔಟ್‌ಹೌಸಿನ ಬಾಗಿಲು ತೆರೆದಿಟ್ಟು ಹಾಕಿದ. ಕಾಫಿಯ ಮೇಲೆ ಬಿಸಿಲು ಬಿದ್ದಿತ್ತು. ಹಲಗೆಗಳು ಬಿದ್ದಲ್ಲೇ ಇದ್ದವು. ಕೆರೆಯುವ ಸದ್ದು ಬಂತು, ಹೋಯಿತು. ಆಮೇಲೆ ಅದು ಬಂತು. ಗಿಟಾರ್ ಎಂದು ಗೊತ್ತಿದ್ದೂ ನನ್ನ ತೋಳಿನ ಕೂದಲು ನಿಮಿರಿತು. ದಪ್ಪ ತಂತಿಯನ್ನು ಸಡಿಲ ಬಿಟ್ಟು ಲೋಟದ ತಳದಿಂದ ಉಜ್ಜುತ್ತಾನಂತೆ, ಅಷ್ಟೇ. ಅಷ್ಟರಿಂದ ಅಷ್ಟು ದೊಡ್ಡ ಜೀವ ಹೇಗೆ ಎದ್ದು ನಿಂತಿತೋ ನನಗೆ ಇವತ್ತಿಗೂ ತಿಳಿಯದು. ದಿನಾ ನಾನು ಬಡಿಸಿದ ರೊಟ್ಟಿಯನ್ನೇ ತಿನ್ನುವ ಕೈ ಅದು. ಮುಗಿಯುವವರೆಗೆ ನಾಯಿಯೂ ಏಳಲಿಲ್ಲ.

ಅತ್ತೆ ಮೊದಲು ಬಾಯಿ ಬಿಟ್ಟಳು. "ನಡುವಿಂದು ಮೈ ಜುಂ ಅಂತದೆ ಚಿಕ್ಕಯ್ಯ. ಶುರುವಿಂದು ಚೆನ್ನಾಗಿಲ್ಲ. ಜೀರುಂಡೆ ಡಬ್ಬಿಗೆ ಬಿದ್ದಂಗೈತೆ."

"ಹೂಂ, ಅದು ಉದ್ದ ಆಯ್ತು," ಎಂದು ಅವನು ಒಪ್ಪಿಕೊಂಡ.

"ಐದನೇದು ತೆಗ್ದುಬಿಡಿ," ಎಂದಳು ಸೊಸೆ, ಸಿಕ್ಕಿದ್ದೇ ಸಮಯವೆಂದು.

ನಮ್ಮ ಮನೆಯವರು ಇನ್ನೂ ತೋಟದ ಕಡೆಗೇ ನೋಡುತ್ತಿದ್ದರು. "ಹೋದ ವರ್ಷ ಒಂದ್ ಸಂಜೆ ಪೂರ್ತಿ ಗದ್ದೇಲಿ ನಿಂತಿತ್ತಲ್ಲ, ಮರಿ ಕೆಸರಿಂದ ಏಳಕ್ಕಾಗ್ದೆ," ಎಂದರು. "ಆ ಆನೆ ಅಲ್ವೇನೋ ಇದು?"

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಗಂಬೂಟಿನ ತುದಿಯಿಂದ ಒಂದು ಕಾಫಿ ಹಣ್ಣನ್ನು ಕಣದೊಳಕ್ಕೆ ತಳ್ಳಿದ.

"ಅದೇ ಅಣ್ಣ."

"ನಾನೂ ಅವತ್ತು ಇದೇ ಕಟ್ಟೆ ಮೇಲೆ ಕೂತು ಕೇಳಿದ್ದೆ," ಎಂದರು. "ಹಿಂಗೇ ಇತ್ತು. ಹಿಂಗೇ."

ಆಮೇಲೆ ಎಲ್ಲರೂ ಕೆಲಸಕ್ಕೆ ಎದ್ದರು. ಟೀ ಆರಿಹೋಗಿತ್ತು. ಬಿಸಿ ಮಾಡಲು ಒಳಗೆ ಹೋದೆ. ಅವನು ಹಿಂದೆಯೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಗೂಡಿನಿಂದ ನನ್ನ ಫೋನ್ ತೆಗೆದು ಏನೋ ಒತ್ತಿ, ಸ್ಪೀಕರಿನಿಂದ ಬಿಡಿಸಿ, ಮತ್ತೆ ಅಲ್ಲೇ ಇಟ್ಟ.

"ಅತ್ಗೆ, ಭಾನುವಾರ ಕೋಳಿ ಮಾಡ್ತೀರಾ?"

"ಮಾಡ್ತೀನಿ, ಕಡುಬೂ ಮಾಡ್ತೀನಿ."

"ಮಾಡಿ. ಒಬ್ರಿಗೆ ಜಾಸ್ತಿ ಬೇಡ, ನಮ್ಮನೆ ಮಂದಿಗೆ ಸಾಕಾಗೋಷ್ಟು."