ಗಡ್ಡ ಬೇಡ, ಕಟಿಂಗ್ ಸಾಕು

ನಿರಪರಾಧಿ ಎಂದು ನ್ಯಾಯಾಧೀಶರು ಹೇಳಿದ ಮೇಲೂ ಕ್ಷೌರಿಕನಿಗೆ ಬಿಡುಗಡೆಯಾದ ಹಾಗೆ ಅನ್ನಿಸಲಿಲ್ಲ. ಪಕ್ಕದ ಅಂಗಡಿಯ ದರ್ಜಿಯನ್ನು ಯಾರೋ ಕತ್ತು ಕೊಯ್ದು ಕೊಂದಿದ್ದರು. ಕ್ಷೌರದ ಕತ್ತಿ ಹಿಡಿಯುವವನ ಮೇಲೆ ಗುಮಾನಿ ಬರಲು ಎಷ್ಟು ಹೊತ್ತು? ಬಿಟ್ಟ ದಿನವೇ ವಕೀಲರ ಗುಮಾಸ್ತ ತಣ್ಣೀರೆರಚಿದ: "ಸರ್ಕಾರ ಅಪೀಲು ಹೋಗೋಕೆ ಆರು ತಿಂಗಳು ಟೈಮಿದೆ ಕಣಯ್ಯ. ಅಲ್ಲೀವರೆಗೂ ಪೂರ್ತಿ ಬಚಾವಾದೆ ಅನ್ಕೋಬೇಡ." ಪರದೇಶದ ದೊರೆಗಳು ಬರೆದ ಕಾನೂನು. ದೊರೆಗಳು ಹಡಗು ಹತ್ತಿ ಹೋದರೂ ಅದು ಮಾತ್ರ ಗುಂಡುಕಲ್ಲಿನ ಹಾಗೆ ಇಲ್ಲೇ ಕೂತಿತ್ತು.

ಅನುಮಾನಪಡುವುದರಲ್ಲಿ ಗಿರಾಕಿಗಳೇನು ಕಮ್ಮಿಯೇ? ಕುರ್ಚಿಯಲ್ಲಿ ಕೂತವರೆಲ್ಲ "ಗಡ್ಡ ಬೇಡ, ಕಟಿಂಗ್ ಸಾಕು" ಎನ್ನುತ್ತಿದ್ದರು. ಕತ್ತರಿಗೆ ತಲೆ ಕೊಟ್ಟರೇ ಹೊರತು ಕತ್ತಿಗೆ ಕತ್ತು ಕೊಡಲಿಲ್ಲ. ಬೀದಿಗೆ ಬೀದಿಯೇ ಕರಡಿಗಳ ಹಾಗೆ ಓಡಾಡಿತು.

ಮಧ್ಯಾಹ್ನಗಳು ತೇಲಿಕೊಂಡು ಹೋಗುತ್ತಿದ್ದವು. ಕೂದಲು ಸದ್ದಿಲ್ಲದೆ ನೆಲಕ್ಕಿಳಿಯುತ್ತಿತ್ತು. ಎದುರುಬದುರು ಕನ್ನಡಿಗಳೊಳಗೆ ಅವನಂಥವರೇ ಸಾಲುಗಟ್ಟಿ ನಿಂತಿರುತ್ತಿದ್ದರು; ದೂರದವನು ಮಂಜು ಮಂಜು, ಇನ್ನೂ ಕಟಕಟೆಯಲ್ಲೇ ಇದ್ದಾನೇನೋ ಎನ್ನಿಸುತ್ತಿತ್ತು. ಆ ಮಂಪರಿನಲ್ಲಿ ನಿಜವಾಗಿದ್ದವಳು ಹೆಂಡತಿಯೊಬ್ಬಳೇ. "ನೀನೇ ಮಾಡಿದ್ಯಾ?" ಎಂದು ಪೊಲೀಸರು ಕೇಳಿದ್ದರು, ಒಡಹುಟ್ಟಿದ ಅಣ್ಣನೂ ಕೇಳಿದ್ದ. ಅವಳು ಒಮ್ಮೆಯೂ ಕೇಳಿರಲಿಲ್ಲ. ಅವಳ ಆ ನಂಬಿಕೆಯೇ ಪಾಪ ಅವನನ್ನು ಬದುಕಿಸಿತ್ತು.

ಆರು ತಿಂಗಳು ತುಂಬಿದ ಮರುದಿನ ದಿನಸಿ ಅಂಗಡಿಯವನು ಧೈರ್ಯ ಮಾಡಿ ಕುರ್ಚಿಗೆ ಒರಗಿದ. ಒಂದು ಕೆನ್ನೆ ಆಗಿತ್ತು, ಇನ್ನೊಂದರ ಮೇಲೆ ನೊರೆ. ಅಷ್ಟರಲ್ಲಿ ಗುಮಾಸ್ತ ಇಣುಕಿದ.

"ಇನ್ನೂ ಮುಗಿದಿಲ್ಲಪ್ಪ! ತೀರ್ಪಿನ ನಕಲು ಸಿಗೋಕೆ ಹಿಡಿದ ದಿನಗಳನ್ನ ಬಿಟ್ಟು ಲೆಕ್ಕ ಹಾಕ್ಬೇಕು. ಅಷ್ಟೂ ದಿನ ಸರ್ಕಾರಕ್ಕೆ ಹೆಚ್ಚಿಗೆ ಸಿಗುತ್ತೆ."

ದಿನಸಿಯವನು ಟವೆಲ್ಲಿನ ಸಮೇತ ಎದ್ದು ಓಟ ಕಿತ್ತ. ಆ ವಾರವೆಲ್ಲ ಅರ್ಧ ಗಡ್ಡದಲ್ಲೇ ಬೇಳೆ ತೂಗಿದ.

ಕಡೆಗೂ ಆ ದಿನಗಳೂ ಕಳೆದವು. ಗುಮಾಸ್ತನೇ ಬಂದು, "ಅಪೀಲು ಹಾಕಿಲ್ಲ. ಗಡುವು ಮುಗೀತು, ಹೋಗು" ಎಂದು ಗಲ್ಲ ಒಡ್ಡಿ ಕೂತ. ಅವನ ಗಡ್ಡ ಹೆರೆಯುವಾಗ ಕ್ಷೌರಿಕನ ಕಣ್ಣು ತುಂಬಿ ಬಂತು. ಸಂಜೆ ಅವನು ಮನೆಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ.

"ಮುಗೀತು ಕಣೇ!"

ಹೆಂಡತಿ ಒಲೆ ಆರಿಸಿದಳು. ಬಾಗಿಲು ಹಾಕಿಕೊಂಡು ಬಂದು ಅವನ ಕೈ ಹಿಡಿದಳು. "ಇನ್ನು ಯಾರೂ ನಿಮ್ಮನ್ನ ಏನೂ ಮಾಡೋ ಹಾಗಿಲ್ವಾ?"

"ಯಾರೂ ಇಲ್ಲ."

ಅವಳು ದೀರ್ಘವಾಗಿ ಉಸಿರು ಬಿಟ್ಟಳು. ಆ ಮುಖದಲ್ಲಿ ಎಷ್ಟೊಂದು ಅಕ್ಕರೆ!

"ನಾನು ಕೇಳಿ, ನೀವು ಹೇಳಿ, ಅದರಿಂದ ನಿಮಗೇ ಏನಾದ್ರೂ ಆದ್ರೆ ಅಂತ ಇಷ್ಟು ದಿನ ಬಾಯಿ ಕಟ್ಕೊಂಡಿದ್ದೆ. ಈಗ ಹೇಳಿ, ಅವನನ್ನ ಯಾಕೆ ಕೊಂದ್ರಿ?"