ಹುಣಸೆಹಣ್ಣಿನಲ್ಲಿ ಬೆಳಗಿದ ನಾಣ್ಯ

ಬರ್ಮಿಂಗ್‌ಹ್ಯಾಮ್‌ನ ಹಳೆಯ ನಾಣ್ಯಗಳ ಸಂತೆಯಲ್ಲಿ, ಒಬ್ಬ ವಯಸ್ಸಾದ ವ್ಯಾಪಾರಿಯ ಮೇಜಿನ ಮುಂದೆ ಮಗಳು ಸುಮಾಳ ಜೊತೆ ಕೂತಿದ್ದೆ. ಅದೇ ಊರಿನ ಎಜ್‌ಬಾಸ್ಟನ್‌ನಲ್ಲಿರುವ ಅವಳ ಮನೆಯ ಹಿತ್ತಲಲ್ಲಿ ಕೊತ್ತಂಬರಿ ಬಿತ್ತುವಾಗ ನನ್ನ ಹೆಂಡತಿಗೆ ಒಂದು ಬೆಳ್ಳಿ ನಾಣ್ಯ ಸಿಕ್ಕಿತ್ತು. ಅದರ ಮೇಲೆ ಏನಿದೆಯೆಂದು ತಿಳಿಯುವ ಆಸೆ ಅವಳಿಗಿತ್ತು. ಈಗ ಅವಳಿಲ್ಲ. ಕೇಳಲು ನಾನು ಬಂದಿದ್ದೆ.

ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿದರು. ಅಚ್ಚುಗಳ ನಡುವೆ ಬೆಳ್ಳಿ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ್ದಂತೆ. ಅದಕ್ಕೇ ಪೂರಾ ದುಂಡಗಿಲ್ಲ. ನಡುವೆ ರಾಜನ ಗುರಾಣಿ, ಅದರಲ್ಲಿ ಗೆರೆ ಎಳೆದ ನಾಲ್ಕು ಮನೆ. ಎರಡರಲ್ಲಿ ಲಿಲಿ ಹೂಗಳು ಕಂಡವು. ಸಿಂಹಗಳಿರಬೇಕಾದ ಇನ್ನೆರಡು ನುಣ್ಣಗಿದ್ದವು. ಅವರು ಮುಖ ಸಿಂಡರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದರು, ಸುಮಾ ನನಗೆ ಕನ್ನಡದಲ್ಲಿ ತಿಳಿಸಿದಳು.

“ಇದನ್ನ ಯಾರು ಉಜ್ಜಿದ್ದು ಅಂತಿದಾರಪ್ಪಾ. ಇಂಥದ್ದನ್ನ ತೊಳೀಲೇಬಾರ್ದಂತೆ.”

“ನಿಮ್ಮಮ್ಮ ಅನ್ನು. ಪ್ರತಿ ಶುಕ್ರವಾರ ದೇವರ ಪಾತ್ರೆಗಳ ಜೊತೆ ಹುಣಸೆಹಣ್ಣು ಹಾಕಿ ಬೆಳಗ್ತಿದ್ಲು ಅನ್ನು.”

ಸುಮಾ ನಗುತ್ತ ಹೇಳತೊಡಗಿದಳು, ಮುಗಿಸುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ವ್ಯಾಪಾರಿಯ ಮುಖ ಸಡಿಲವಾಯಿತು.

“ಅಮ್ಮ ಸಿಂಹಗಳನ್ನ ಚೆನ್ನಾಗೇ ಪಳಗಿಸಿದ್ದಾರೆ ಅಂತಾರೆ,” ಎಂದಳು.

ಅವರು ಮತ್ತೆ ಭೂತಗನ್ನಡಿಯಲ್ಲಿ ನೋಡಿ, ಅಂಚಿನ ಅಕ್ಷರಗಳ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿದೆ, ತೆಗೆಯಲೇ ಎಂದು ಕೇಳಿ ಸಣ್ಣ ಕಡ್ಡಿ ಕೈಗೆತ್ತಿಕೊಂಡರು. ನಾನೂ ಬಗ್ಗಿ ನೋಡಿದೆ. ಹುಣಸೆಹಣ್ಣಿನ ಒಂದು ನಾರು, ಒಣಗಿ ಕಪ್ಪಾಗಿತ್ತು.

“ಬೇಡ ಅನ್ನಮ್ಮ,” ಎಂದೆ. “ತೊಳೀಬಾರ್ದು ಅಂತ ಅವ್ರೇ ಹೇಳಿದ್ರಲ್ಲ.”